ಹೊಸಹಳ್ಳಿಯ ತಾರಸಿ ಮೇಲೆ ರೋಹಿಣಿ, ಮಖೆ, ಸ್ವಾತಿ

ಹೆಸರಿಡುವಾಗ, ಮಳೆ ಎಣಿಸುವಾಗ, ಪಂಚಾಂಗ ನೋಡುವಾಗ ನೆನೆಯುವ ನಕ್ಷತ್ರಗಳನ್ನು ಆಕಾಶದಲ್ಲಿ ಗುರುತಿಸಲು ನಗರದ ನಡುವೆಯೂ ಸಾಧ್ಯ. ಬೇಕಾಗಿರುವುದು ಒಂದು ತಾರಸಿ, ಗೋಡೆಯ ಕ್ಯಾಲೆಂಡರ್ ಮತ್ತು ಚಾಚಿದ ಕೈ.

ಬೆಂಗಳೂರಿನ ಹೊಸಹಳ್ಳಿ, ವಿಜಯನಗರದ ಯಾವುದೇ ಶಾಲೆಯ ಹಾಜರಿ ಪುಸ್ತಕದಲ್ಲಿ ಒಬ್ಬಳು ರೋಹಿಣಿ, ಒಬ್ಬಳು ಸ್ವಾತಿ, ಒಬ್ಬ ಶ್ರವಣ್, ಒಬ್ಬ ಅಭಿಜಿತ್ ಇದ್ದೇ ಇರುತ್ತಾರೆ. ಮಗು ಹುಟ್ಟಿದ ಸುದ್ದಿ ಬಂದೊಡನೆ ಮನೆಯ ಹಿರಿಯರು ‘ಯಾವ ನಕ್ಷತ್ರ?’ ಎಂದು ಕೇಳುತ್ತಾರೆ. ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ಗೋತ್ರದ ಜೊತೆ ನಕ್ಷತ್ರವನ್ನೂ ಹೇಳುತ್ತೇವೆ. ಊರಿಗೆ ಫೋನ್ ಮಾಡಿದರೆ ‘ಪುಷ್ಯ ಬರಲೇ ಇಲ್ಲ, ಮಖೆ ಚೆನ್ನಾಗಿ ಹಿಡಿದಿದೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ಹೆಸರುಗಳು ಹೀಗೆ ಬಾಯಲ್ಲಿ ಓಡಾಡುತ್ತಿದ್ದರೂ ಆ ಹೆಸರು ಹೊತ್ತ ನಕ್ಷತ್ರಗಳ ಪರಿಚಯ ಮಾತ್ರ ನಮಗಿಲ್ಲ. ರೋಹಿಣಿ ನಕ್ಷತ್ರದಲ್ಲಿ ಹುಟ್ಟಿದವರಲ್ಲಿ ರೋಹಿಣಿಯನ್ನು ಆಕಾಶದಲ್ಲಿ ಬೆರಳಿಟ್ಟು ತೋರಿಸಬಲ್ಲವರು ತೀರಾ ಅಪರೂಪ.

ಕಾರಣ ಕೇಳಿದರೆ ‘ಬೆಂಗಳೂರಿನಲ್ಲಿ ನಕ್ಷತ್ರ ಎಲ್ಲಿ ಕಾಣುತ್ತೆ?’ ಎನ್ನುತ್ತಾರೆ. ಅದು ಅರ್ಧ ನಿಜ. ಉಳಿದರ್ಧವನ್ನು ತಿಳಿದರೆ ಇಂದು ರಾತ್ರಿಯೇ ತಾರಸಿ ಹತ್ತಲು ಮನಸ್ಸಾಗುತ್ತದೆ.

ಉಳಿದಿರುವವು ನಮ್ಮವೇ

ಒಳ್ಳೆಯ ಕತ್ತಲಿರುವ ಬಯಲಿನಲ್ಲಿ, ಚಂದ್ರನಿಲ್ಲದ ರಾತ್ರಿ, ಬರಿಗಣ್ಣಿಗೆ ಒಂದು ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ನಕ್ಷತ್ರಗಳು ಕಾಣುತ್ತವೆ. ಅಷ್ಟು ಚುಕ್ಕಿಗಳ ನಡುವೆ ಮೊದಲ ಸಲ ನಿಂತವರಿಗೆ ಯಾವುದು ಯಾವುದೆಂದು ತಿಳಿಯದೆ ಕಣ್ಣು ಕಟ್ಟುತ್ತದೆ. ಬೀದಿದೀಪ, ಅಂಗಡಿಗಳ ಬೋರ್ಡು, ಮೆಟ್ರೊ ನಿಲ್ದಾಣದ ಬೆಳಕು ಎಲ್ಲವೂ ಮೇಲಕ್ಕೆ ಚದುರುವ ಹೊಸಹಳ್ಳಿಯಲ್ಲಿ ಸಣ್ಣ ನಕ್ಷತ್ರಗಳು ಅಳಿಸಿಹೋಗಿ ದೊಡ್ಡವು ಮಾತ್ರ ಉಳಿಯುತ್ತವೆ. ಹೊಸದಾಗಿ ಕಲಿಯುವವರಿಗೆ ಇದರಿಂದ ಅನುಕೂಲವೇ ಹೆಚ್ಚು.

ನಕ್ಷತ್ರಗಳನ್ನು ಪ್ರಕಾಶಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸುವ ರೂಢಿ ಎರಡು ಸಾವಿರ ವರ್ಷಕ್ಕೂ ಹಳೆಯದು. ಬರಿಗಣ್ಣಿಗೆ ಅತ್ಯಂತ ಪ್ರಕಾಶಮಾನವಾಗಿ ಕಾಣುವವು ಒಂದನೇ ದರ್ಜೆ, ಕಂಡೂ ಕಾಣದಂಥವು ಆರನೇ ದರ್ಜೆ. ಒಂದನೇ ದರ್ಜೆಯವೆಂದು ಲೆಕ್ಕಕ್ಕೆ ಬರುವ ನಕ್ಷತ್ರಗಳು 21. ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರದಲ್ಲಷ್ಟೇ ಇರುವುದರಿಂದ ಈ 21 ನಕ್ಷತ್ರಗಳೂ ವರ್ಷದ ಒಂದಲ್ಲ ಒಂದು ಹೊತ್ತಿನಲ್ಲಿ ನಮ್ಮ ದಿಗಂತದ ಮೇಲೆ ಬರುತ್ತವೆ. ರೋಹಿಣಿ, ಆರಿದ್ರಾ, ಪುನರ್ವಸು, ಮಖೆ, ಚಿತ್ತೆ, ಸ್ವಾತಿ, ಜ್ಯೇಷ್ಠೆ, ಶ್ರವಣ, ಅಭಿಜಿತ್, ಲುಬ್ಧಕ, ಅಗಸ್ತ್ಯ, ಬ್ರಹ್ಮಹೃದಯ: ಈ ಹನ್ನೆರಡೂ ಆ ಪಟ್ಟಿಯಲ್ಲಿವೆ. ನಗರದ ಬೆಳಕನ್ನು ಎದುರಿಸಿ ಉಳಿದ ನಕ್ಷತ್ರಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಮನೆಗಳಲ್ಲಿ ಆಗಲೇ ಹೆಸರಿದೆ. ಆ ಹೆಸರನ್ನು ಅದರ ನಕ್ಷತ್ರಕ್ಕೆ ಜೋಡಿಸುವುದಷ್ಟೇ ಬಾಕಿ.

ದಿಕ್ಕು, ಮುಷ್ಟಿ, ಗೇಣು

ಮೊದಲು ದಿಕ್ಕು ಗಟ್ಟಿ ಮಾಡಿಕೊಳ್ಳಬೇಕು. ಈ ಭಾಗದವರಿಗೆ ಅದು ಸುಲಭ. ಟೋಲ್‌ಗೇಟ್ ಬಳಿ ಮಾಗಡಿ ರಸ್ತೆ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿಯೂ ಕಾರ್ಡ್ ರಸ್ತೆ ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿಯೂ ಹಾದುಹೋಗುತ್ತವೆ. ಮೆಜೆಸ್ಟಿಕ್ ಕಡೆ ಪೂರ್ವ, ಸುಂಕದಕಟ್ಟೆ ಕಡೆ ಪಶ್ಚಿಮ, ರಾಜಾಜಿನಗರದ ಕಡೆ ಉತ್ತರ, ಅತ್ತಿಗುಪ್ಪೆಯ ಕಡೆ ದಕ್ಷಿಣ.

ಆಕಾಶದಲ್ಲಿ ದೂರ ಅಳೆಯಲು ಕೈ ಸಾಕು. ತೋಳನ್ನು ಪೂರ್ತಿ ಚಾಚಿ ಹಿಡಿದಾಗ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಒಂದು ಗೇಣು ಸುಮಾರು 20 ಡಿಗ್ರಿ. ಮಕ್ಕಳ ಮುಷ್ಟಿ ಚಿಕ್ಕದು, ಆದರೆ ತೋಳೂ ಅದಕ್ಕೆ ತಕ್ಕಂತೆ ಗಿಡ್ಡ. ಹಾಗಾಗಿ ಅಳತೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ.

ಈ ಅಳತೆಯನ್ನು ಧ್ರುವ ನಕ್ಷತ್ರದ ಮೇಲೆ ಪ್ರಯೋಗಿಸಿ ನೋಡೋಣ. ಒಂದು ಊರಿನ ಅಕ್ಷಾಂಶ ಎಷ್ಟೋ, ಧ್ರುವ ಉತ್ತರ ದಿಗಂತದಿಂದ ಅಷ್ಟೇ ಡಿಗ್ರಿ ಮೇಲೆ ನಿಲ್ಲುತ್ತದೆ. ನಮಗೆ 13 ಡಿಗ್ರಿ, ಅಂದರೆ ಒಂದು ಮುಷ್ಟಿಯ ಮೇಲೆ ಮೂರು ಕಿರುಬೆರಳಿನಷ್ಟು. ಉತ್ತರದಲ್ಲಿ 40 ಅಡಿ ದೂರದ ಎದುರು ಮನೆ ತಾರಸಿಯಲ್ಲಿ ನಿಂತ ನಿಮ್ಮ ಕಣ್ಣಿನ ಮಟ್ಟಕ್ಕಿಂತ 10 ಅಡಿ ಹೆಚ್ಚು ಎತ್ತರವಿದ್ದರೆ ಅದು 14 ಡಿಗ್ರಿ ಆಕಾಶವನ್ನು ಮುಚ್ಚುತ್ತದೆ. ಧ್ರುವ ಮರೆಯಾಗಲು ಅಷ್ಟು ಸಾಕು. ಮೂವತ್ತು–ನಲವತ್ತರ ಸೈಟುಗಳಲ್ಲಿ ಮನೆ ಮೇಲೆ ಮನೆ ಎದ್ದಿರುವ ನಮ್ಮ ಬಡಾವಣೆಗಳಲ್ಲಿ ಧ್ರುವನನ್ನು ಕಾಣದೆ ಬೆಳೆದವರು ಅನೇಕರಿರುವುದರಲ್ಲಿ ಆಶ್ಚರ್ಯವಿಲ್ಲ. ದಿಗಂತದ ಹತ್ತಿರ ಇನ್ನೊಂದು ತೊಡಕೂ ಇದೆ. ನೆತ್ತಿಯ ಮೇಲಿನ ನಕ್ಷತ್ರಕ್ಕೆ ಹೋಲಿಸಿದರೆ 13 ಡಿಗ್ರಿ ಎತ್ತರದ ನಕ್ಷತ್ರದ ಬೆಳಕು ನಾಲ್ಕು ಪಟ್ಟಿಗೂ ಹೆಚ್ಚು ಗಾಳಿಯನ್ನು, ಅದರೊಳಗಿನ ಧೂಳನ್ನು ದಾಟಿ ಬರಬೇಕು. ಆದ್ದರಿಂದ ನಗರದವರು ಕಲಿಕೆಯನ್ನು ನೆತ್ತಿಯಿಂದ ಶುರುಮಾಡಿ ಕೆಳಗೆ ಇಳಿಯುವುದು ಜಾಣತನ.

ಇನ್ನೆರಡು ಸಂಗತಿ ನೆನಪಿರಲಿ. ಪ್ರತಿ ನಕ್ಷತ್ರವೂ ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತದೆ. ತಿಂಗಳಿಗೆ 2 ಗಂಟೆ ಮುಂದಾಗುತ್ತದೆ. ಈ ತಿಂಗಳು ರಾತ್ರಿ 10ಕ್ಕೆ ಕಂಡ ಆಕಾಶ ಮುಂದಿನ ತಿಂಗಳು 8ಕ್ಕೇ ಬಂದಿರುತ್ತದೆ. ಮಿನುಗದೆ ಸ್ಥಿರವಾಗಿ ಬೆಳಗುವುದು ಸಾಮಾನ್ಯವಾಗಿ ಗ್ರಹ. ಸಂಜೆಯೋ ಬೆಳಗಿನ ಜಾವವೋ ಹೊಳೆಯುವ ಬೆಳ್ಳಿ, ಅಂದರೆ ಶುಕ್ರ, ಯಾವ ನಕ್ಷತ್ರಕ್ಕಿಂತಲೂ ಪ್ರಕಾಶಮಾನ. ನಕ್ಷತ್ರ ಹುಡುಕುವಾಗ ಇದನ್ನು ಮೊದಲೇ ಬದಿಗಿಡಬೇಕು.

ಒಂದೇ ಗೆರೆಯಲ್ಲಿ ಒಂದು ಕತೆ

ಆರಂಭಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ಮಳೆ ಮುಗಿದು ಬೆಂಗಳೂರಿನ ಆಕಾಶ ತಿಳಿಯಾಗಿರುತ್ತದೆ. ಜನವರಿಯ ರಾತ್ರಿ 8–9ರ ಹೊತ್ತಿಗೆ ಪೂರ್ವಕ್ಕೆ ತಿರುಗಿ ಕತ್ತೆತ್ತಿದರೆ ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ನಿಂತ ಮೂರು ನಕ್ಷತ್ರಗಳು ಕಾಣುತ್ತವೆ. ಅವುಗಳ ಸುತ್ತ ದೊಡ್ಡ ಚೌಕದ ನಾಲ್ಕು ಮೂಲೆಗಳಂತೆ ಇನ್ನು ನಾಲ್ಕು. ಇಂಗ್ಲಿಷಿನಲ್ಲಿ ಇದು ಒರಾಯನ್ ಎಂಬ ಬೇಟೆಗಾರ. ಮೂರು ನಕ್ಷತ್ರ ಅವನ ನಡುಪಟ್ಟಿ.

ನಮ್ಮ ಕತೆಯಲ್ಲಿ ಇದೇ ನಕ್ಷತ್ರಗಳು ಬೇಟೆಗೆ ಸಿಕ್ಕ ಜಿಂಕೆ. ಐತರೇಯ ಬ್ರಾಹ್ಮಣದ ಪ್ರಕಾರ ಜಿಂಕೆಯ ರೂಪ ತಾಳಿದ ಪ್ರಜಾಪತಿ ರೋಹಿಣಿಯ ಬೆನ್ನುಹತ್ತಿ ಹೋದಾಗ ದೇವತೆಗಳು ಅದನ್ನು ತಡೆಯಲು ರುದ್ರನನ್ನು ನಿಲ್ಲಿಸುತ್ತಾರೆ. ಅವನು ಬಿಟ್ಟ ಮೂರು ಗಿಣ್ಣಿನ ಬಾಣವೇ ಒಂದು ಗೆರೆಯ ಮೂರು ನಕ್ಷತ್ರ. ಈಗ ಆ ಮೂರರ ಗೆರೆಯನ್ನು ಕೆಳಗೆ, ಆಗ್ನೇಯದ ಕಡೆಗೆ ಎರಡು ಮುಷ್ಟಿ ಮುಂದುವರಿಸಿ. ಇಡೀ ಆಕಾಶದಲ್ಲೇ ಅತ್ಯಂತ ಪ್ರಕಾಶಮಾನವಾದ ನಕ್ಷತ್ರ ಲುಬ್ಧಕ ಸಿಗುತ್ತದೆ; ಅವನೇ ಬಾಣ ಬಿಟ್ಟ ಬೇಡ. ಅದೇ ಗೆರೆಯನ್ನು ಮೇಲಕ್ಕೆ, ಇನ್ನೊಂದು ಬದಿಗೆ ಅಷ್ಟೇ ದೂರ ಎಳೆದರೆ ಕೆಂಪು–ಕಿತ್ತಳೆ ಬಣ್ಣದ ರೋಹಿಣಿ. ಇನ್ನೂ ಒಂದೂವರೆ ಮುಷ್ಟಿ ದಾಟಿದರೆ ಮಂಜಿನ ಚುಕ್ಕೆಯಂಥ ಕೃತ್ತಿಕೆ. ಬೇಡ, ಬಾಣ, ಜಿಂಕೆ, ರೋಹಿಣಿ ಒಂದೇ ಸಾಲಿನಲ್ಲಿ ನಿಂತಿರುವುದರಿಂದ ಕತೆ ನೆನಪಿದ್ದವರಿಗೆ ನಕ್ಷೆಯ ಅಗತ್ಯವೇ ಇಲ್ಲ.

ಚೌಕದ ಒಂದು ಮೂಲೆಯ ಕೆಂಪು ನಕ್ಷತ್ರ ಆರಿದ್ರಾ. ಅದರ ಎದುರು ಮೂಲೆಯಲ್ಲಿ ನೀಲಿ ಮಿಶ್ರಿತ ಬಿಳಿಯ ರೀಗೆಲ್. ಎರಡನ್ನೂ ಒಂದರ ನಂತರ ಒಂದು ನೋಡಿದರೆ ನಕ್ಷತ್ರಗಳಿಗೂ ಬಣ್ಣವಿದೆ ಎಂಬುದು ಮಕ್ಕಳಿಗೂ ಕಾಣುತ್ತದೆ. ಕೆಂಪು ನಕ್ಷತ್ರದ ಮೈ ಕಡಿಮೆ ಬಿಸಿ, ನೀಲಿಯದು ಹೆಚ್ಚು ಬಿಸಿ. ಮೃಗಶಿರ ಎಂದು ಪಂಚಾಂಗ ಹೇಳುವುದು ಜಿಂಕೆಯ ತಲೆಯ ಭಾಗದ ಮೂರು ಸಣ್ಣ ಚುಕ್ಕಿಗಳನ್ನು. ನಗರದ ಬೆಳಕಿನಲ್ಲಿ ಅವನ್ನು ಹಿಡಿಯಲು ಬೈನಾಕ್ಯುಲರ್ ಬೇಕು. ಈ ಗುಂಪಿನಿಂದ ದಿಕ್ಕಿಗೂ ಒಂದು ಉಪಕಾರವಿದೆ: ಬಾಣದ ನಕ್ಷತ್ರಗಳು ಆಕಾಶದ ಮಧ್ಯರೇಖೆಯ ಪಕ್ಕದಲ್ಲೇ ಇರುವುದರಿಂದ ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತವೆ.

ಒಂದು ಮಂಡಲದ ನಕ್ಷತ್ರಗಳು ನಮಗೆ ಅಕ್ಕಪಕ್ಕದಲ್ಲಿ ಕಂಡರೂ ನಿಜದಲ್ಲಿ ನೆರೆಹೊರೆಯವಲ್ಲ. ಲುಬ್ಧಕ ಇರುವುದು 8.6 ಜ್ಯೋತಿರ್ವರ್ಷ ದೂರದಲ್ಲಿ, ರೋಹಿಣಿ ಸುಮಾರು 65ರಲ್ಲಿ. ರೀಗೆಲ್ 800ಕ್ಕೂ ಆಚೆ. ಕೃತ್ತಿಕೆಯ ಕತೆ ಬೇರೆ. ಅದು ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿ ಒಟ್ಟಿಗೇ ಹುಟ್ಟಿ ಒಟ್ಟಿಗೇ ಸಾಗುತ್ತಿರುವ ನಕ್ಷತ್ರಗಳ ನಿಜವಾದ ಗುಂಪು.

ಅರುಂಧತಿ ಕಲಿಸುವ ಪಾಠ

ಮದುವೆಯ ದಿನ ಪುರೋಹಿತರು ಮಂಟಪದಿಂದ ಹೊರಗೆ ಕರೆದೊಯ್ದು ಹಾಡಹಗಲೇ ಅರುಂಧತಿಯನ್ನು ತೋರಿಸುತ್ತಾರೆ. ದಂಪತಿ ಬರಿ ಬೆಳಕನ್ನು ನೋಡಿ ಕೈಮುಗಿಯುತ್ತಾರೆ. ರಾತ್ರಿ ಅದನ್ನು ತೋರಿಸುವ ಕ್ರಮವನ್ನೇ ಶಾಸ್ತ್ರಕಾರರು ‘ಸ್ಥೂಲಾರುಂಧತೀ ನ್ಯಾಯ’ ಎಂದು ಕರೆದರು. ಸಣ್ಣ ಅರುಂಧತಿಯನ್ನು ನೇರವಾಗಿ ತೋರಿಸಿದರೆ ಕಾಣುವುದಿಲ್ಲ. ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನು ತೋರಿಸಿ, ಕಣ್ಣು ಅಲ್ಲಿ ನಿಂತ ಮೇಲೆ ಪಕ್ಕದ ಚಿಕ್ಕದಕ್ಕೆ ಸರಿಸಬೇಕು. ಆಕಾಶ ಕಲಿಯಲು ಇದಕ್ಕಿಂತ ಒಳ್ಳೆಯ ವಿಧಾನ ಇನ್ನೂ ಯಾರಿಗೂ ಸಿಕ್ಕಿಲ್ಲ.

ಏಪ್ರಿಲ್, ಮೇ ತಿಂಗಳ ರಾತ್ರಿ 9ಕ್ಕೆ ಉತ್ತರಕ್ಕೆ ಮುಖ ಮಾಡಿ, ದಿಗಂತದಿಂದ ನಾಲ್ಕೈದು ಮುಷ್ಟಿ ಮೇಲೆ ನೋಡಿ. ಸೌಟಿನ ಆಕಾರದ ಏಳು ನಕ್ಷತ್ರಗಳು ಸಪ್ತರ್ಷಿ ಮಂಡಲ. ಹಿಡಿಯ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ತಾಗಿದಂತೆ, ಕಿರುಬೆರಳಿನ ಐದನೆಯ ಒಂದು ಭಾಗದಷ್ಟು ದೂರದಲ್ಲಿ ಅರುಂಧತಿ. ವಸಿಷ್ಠ ಎರಡನೇ ದರ್ಜೆಯದು, ಹೊಸಹಳ್ಳಿಯಲ್ಲೂ ಸಿಗುತ್ತದೆ. ಅರುಂಧತಿ ನಾಲ್ಕನೇ ದರ್ಜೆಯದು. ಮಳೆ ಬಂದು ಧೂಳು ತೊಳೆದ ರಾತ್ರಿ, ಅರ್ಧ ಗಂಟೆ ಮೊಬೈಲ್ ನೋಡದೆ ಕಣ್ಣು ಪಳಗಿಸಿಕೊಂಡವರು ಪ್ರಯತ್ನಿಸಬಹುದು. ಸಾಧಾರಣ ಬೈನಾಕ್ಯುಲರ್ ಇದ್ದರೆ ಸಲೀಸು.

ಅಲ್ಲಿಂದ ಹಿಡಿಯ ಬಾಗನ್ನೇ ಅನುಸರಿಸಿ ಪೂರ್ವಕ್ಕೆ ಮೂರು ಮುಷ್ಟಿ ಸಾಗಿದರೆ ಹೊಂಬಣ್ಣದ ಸ್ವಾತಿ. ಅದೇ ಬಾಗನ್ನು ಇನ್ನೂ ಮೂರು ಮುಷ್ಟಿ ಮುಂದುವರಿಸಿದರೆ ಬಿಳಿಯ ಚಿತ್ತೆ. ಏಪ್ರಿಲ್ ನಡುವಿನ ರಾತ್ರಿ 9ಕ್ಕೆ ನೆಟ್ಟಗೆ ತಲೆಯ ಮೇಲೆ ನೋಡಿದರೆ ಮಖೆ ಇರುತ್ತದೆ. ಇದು ಬೆಂಗಳೂರಿಗೆ ಒದಗಿದ ವಿಶೇಷ ಯೋಗ. ಮಖೆಯ ದಾರಿ ನಮ್ಮ ನೆತ್ತಿಯಿಂದ ಸುಮಾರು ಒಂದೇ ಡಿಗ್ರಿ ಆಚೆ ಹಾಯುತ್ತದೆ. ಸುತ್ತ ಎಷ್ಟೇ ಎತ್ತರದ ಮನೆಗಳು ಎದ್ದಿದ್ದರೂ ಅದನ್ನು ಮರೆಮಾಡಲಾರವು. ಮಖೆಯ ಮೇಲೆ ಕುಡುಗೋಲಿನಂತೆ ಬಾಗಿರುವ ನಕ್ಷತ್ರಗಳೇ ಸಿಂಹದ ಕೇಸರ.

ಇಂಗ್ಲಿಷ್ ಪುಸ್ತಕಗಳಲ್ಲಿ ಸಪ್ತರ್ಷಿ ಮಂಡಲ ವರ್ಷವಿಡೀ ಕಾಣುತ್ತದೆಂದು ಬರೆದಿರುತ್ತದೆ. ಅದು ಯುರೋಪಿನ ಮಾತು. ನಮ್ಮಲ್ಲಿ ಅಕ್ಟೋಬರ್–ನವೆಂಬರಿನ ಸಂಜೆ ಅದು ದಿಗಂತದ ಕೆಳಗಿರುತ್ತದೆ. ಆಗ ಉತ್ತರವನ್ನು ಗುರುತಿಸಲು ಇಂಗ್ಲಿಷಿನ ಎಂ ಅಕ್ಷರದ ಆಕಾರದ ಕುಂತಿ ಮಂಡಲ ನೆರವಿಗೆ ಬರುತ್ತದೆ.

ಗೋಡೆಯ ಕ್ಯಾಲೆಂಡರೇ ನಕ್ಷೆ

ಜಗತ್ತಿನ ಖಗೋಳಜ್ಞರು ಆಕಾಶವನ್ನು 88 ಮಂಡಲಗಳಾಗಿ ಹಂಚಿಕೊಂಡಿದ್ದಾರೆ. ಅವುಗಳ ಗಡಿರೇಖೆ 1930ರಲ್ಲಿ ಪ್ರಕಟವಾಯಿತು. ನಮ್ಮ ಹಿರಿಯರ ವಿಂಗಡಣೆ ಚಂದ್ರನದು. ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು ಚಂದ್ರನಿಗೆ 27.3 ದಿನ ಬೇಕು; ಅದಕ್ಕೇ 27 ನಕ್ಷತ್ರಗಳು, ದಿನಕ್ಕೊಂದು ತಂಗುದಾಣ. ಒಂದೊಂದರ ಪಾಲು 13 ಡಿಗ್ರಿ 20 ನಿಮಿಷ.

ಒಂಟಿಕೊಪ್ಪಲು ಪಂಚಾಂಗದಲ್ಲೋ ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲೋ ‘ಇಂದು ರೋಹಿಣಿ’ ಎಂದಿದ್ದರೆ ಆ ರಾತ್ರಿ ಚಂದ್ರ ರೋಹಿಣಿಯ ಆಸುಪಾಸಿನಲ್ಲಿದ್ದಾನೆ ಎಂದೇ ಅರ್ಥ. ಹೊರಗೆ ಬಂದು ಚಂದ್ರನ ಸುತ್ತ ಒಂದು ಮುಷ್ಟಿ ದೂರದೊಳಗೆ ಕೆಂಪು ನಕ್ಷತ್ರವನ್ನು ಹುಡುಕಿ, ಅದೇ ರೋಹಿಣಿ. ಚಂದ್ರನ ಬೆಳಕು ಹೆಚ್ಚೆನಿಸಿದರೆ ಹೆಬ್ಬೆರಳಿನಿಂದ ಮರೆಮಾಡಿ. ಎರಡು ಗಂಟೆ ಬಿಟ್ಟು ಮತ್ತೆ ನೋಡಿದರೆ ಚಂದ್ರ ತನ್ನ ಅಗಲದ ಎರಡರಷ್ಟು ಪೂರ್ವಕ್ಕೆ ಸರಿದಿರುತ್ತಾನೆ. ಮಖೆ, ಚಿತ್ತೆ, ಅನುರಾಧೆ, ಜ್ಯೇಷ್ಠೆಗಳಿಗೂ ಈ ಉಪಾಯ ಸಲ್ಲುತ್ತದೆ. ಸ್ವಾತಿ, ಶ್ರವಣಗಳು ಚಂದ್ರನ ದಾರಿಯಿಂದ ಬಹಳ ಉತ್ತರಕ್ಕಿವೆ. ಅವಕ್ಕೆ ಬೇರೆ ಗುರುತು ಬೇಕು.

ತಿಂಗಳ ಹೆಸರುಗಳೂ ಇದನ್ನೇ ಹೇಳುತ್ತವೆ. ಕಾರ್ತಿಕದ ಹುಣ್ಣಿಮೆ ಚಂದ್ರ ಕೃತ್ತಿಕೆಯ ಬಳಿ, ಚೈತ್ರದ್ದು ಚಿತ್ತೆಯ ಬಳಿ. ಬೆಂಗಳೂರಿಗರಿಗೆ ಚೈತ್ರದ ಹುಣ್ಣಿಮೆ ಎಂದರೆ ಕರಗ. ಧರ್ಮರಾಯನ ಗುಡಿಯಿಂದ ಕರಗ ಹೊರಡುವುದನ್ನು ಕಾಯುತ್ತ ನಿಂತವರು ತಲೆ ಎತ್ತಿದರೆ ಚಂದ್ರನ ಹತ್ತಿರವೇ ಚಿತ್ತೆಯನ್ನು ನೋಡಬಹುದು.

ಮಳೆಯ ಲೆಕ್ಕ ಸೂರ್ಯನದು. ಸೂರ್ಯ ಒಂದೊಂದು ನಕ್ಷತ್ರದ ಪಾಲಿನಲ್ಲಿ 13–14 ದಿನ ಇರುತ್ತಾನೆ. ಮೇ ಕೊನೆಯ ವಾರ ರೋಹಿಣಿ ಮಳೆ ಹಿಡಿಯಿತೆಂದರೆ ಸೂರ್ಯ ರೋಹಿಣಿಯ ಪಾಲಿಗೆ ಬಂದನೆಂದು ಅರ್ಥ. ಹಾಗಾಗಿ ಯಾವ ನಕ್ಷತ್ರದ ಮಳೆ ನಡೆಯುತ್ತಿದೆಯೋ ಆ ನಕ್ಷತ್ರ ಸಾಮಾನ್ಯವಾಗಿ ಆ ದಿನಗಳಲ್ಲಿ ಸೂರ್ಯನ ಬೆಳಕಿನಲ್ಲಿ ಮುಳುಗಿಹೋಗಿರುತ್ತದೆ. ಅದನ್ನು ಕಾಣಲು ಆರು ತಿಂಗಳು ಕಾಯಬೇಕು: ರೋಹಿಣಿ ನವೆಂಬರ್ ಕೊನೆಗೆ ಮುಸ್ಸಂಜೆ ಪೂರ್ವದಲ್ಲಿ ಹುಟ್ಟಿ ನಡುರಾತ್ರಿಗೆ ನೆತ್ತಿಗೇರುತ್ತದೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ಕಟ್ಟಿದ ರೈತನಿಗೆ ಈ ಲೆಕ್ಕ ಬದುಕಿನ ಭಾಗವಾಗಿತ್ತು.

ದಕ್ಷಿಣದ ಭಾಗ್ಯ

ಧ್ರುವ ತಗ್ಗಿನಲ್ಲಿರುವುದಕ್ಕೆ ಪ್ರತಿಯಾಗಿ ನಮಗೆ ದಕ್ಷಿಣದ ಆಕಾಶ ಧಾರಾಳವಾಗಿ ಸಿಕ್ಕಿದೆ. ಫೆಬ್ರವರಿ ಮಧ್ಯದ ನಂತರ ರಾತ್ರಿ 9ಕ್ಕೆ ದಕ್ಷಿಣಕ್ಕೆ ನಿಂತರೆ ಆರು ಮುಷ್ಟಿ ಎತ್ತರದಲ್ಲಿ ಲುಬ್ಧಕ, ಅದರ ಕೆಳಗೆ ಎರಡೂವರೆ ಮುಷ್ಟಿ ಎತ್ತರದಲ್ಲಿ ಅಗಸ್ತ್ಯ. ರಾತ್ರಿಯ ಆಕಾಶದ ಅತ್ಯಂತ ಪ್ರಕಾಶಮಾನವಾದ ಎರಡು ನಕ್ಷತ್ರಗಳನ್ನು ಹೀಗೆ ಒಂದೇ ನೋಟದಲ್ಲಿ ಕಾಣಬಹುದು. ಲಂಡನ್ನಿನಲ್ಲಿ ಅಗಸ್ತ್ಯ ಹುಟ್ಟುವುದೇ ಇಲ್ಲ.

ಮೇ ತಿಂಗಳಿನಲ್ಲಿ ಅದೇ ಹೊತ್ತಿಗೆ ದಕ್ಷಿಣ ದಿಗಂತದ ಬಳಿ ಸಣ್ಣ ಶಿಲುಬೆಯಾಕಾರದ ತ್ರಿಶಂಕು ನಿಲ್ಲುತ್ತದೆ. ಅದರ ಬುಡದ ನಕ್ಷತ್ರ ನಮಗೆ 14 ಡಿಗ್ರಿ ಎತ್ತರಕ್ಕೆ ಬರುತ್ತದೆ. ದೆಹಲಿಯವರಿಗೆ ದಿಗಂತವನ್ನೇ ದಾಟುವುದಿಲ್ಲ. ತ್ರಿಶಂಕುವಿನ ಎಡಕ್ಕೆ ಜೋಡಿ ನಕ್ಷತ್ರಗಳು. ಅವುಗಳಲ್ಲಿ ಹೆಚ್ಚು ಪ್ರಕಾಶದ್ದು ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರಕುಟುಂಬ, ಸುಮಾರು 4.4 ಜ್ಯೋತಿರ್ವರ್ಷ ದೂರದಲ್ಲಿದೆ. ಜೂನ್, ಜುಲೈಗಳಲ್ಲಿ ಮೋಡ ಸರಿದ ರಾತ್ರಿ ದಕ್ಷಿಣದಲ್ಲಿ ವೃಶ್ಚಿಕ ಕಾಣುತ್ತದೆ. ಅನುರಾಧೆ ಅದರ ತಲೆಯ ಕಡೆ, ಕೆಂಪಾದ ಜ್ಯೇಷ್ಠೆ ಎದೆಯಲ್ಲಿ, ಮೂಲಾ ಕೊಂಡಿಯಲ್ಲಿ. ಹೆಸರಿಗೂ ಆಕಾರಕ್ಕೂ ಇಷ್ಟು ಹೊಂದುವ ಮಂಡಲ ಇನ್ನೊಂದಿಲ್ಲ.

ಬೆಳಕು ನೆಲಕ್ಕೆ ಬೀಳಲಿ

ಒಂದನೇ ದರ್ಜೆಯ ನಕ್ಷತ್ರಗಳಿಗೆ ತೃಪ್ತಿಪಟ್ಟು ಕೂರುವುದೂ ಸರಿಯಲ್ಲ. ಆಕಾಶಗಂಗೆಯನ್ನು ಒಮ್ಮೆಯೂ ಕಾಣದ ಮಕ್ಕಳು ನಮ್ಮ ಬೀದಿಗಳಲ್ಲಿ ಬೆಳೆಯುತ್ತಿದ್ದಾರೆ. ಮಾಗಡಿ ತಾಲ್ಲೂಕಿನ ಸಾವನದುರ್ಗದ ಕಡೆ ಹೋದರೂ ಪೂರ್ವ ದಿಗಂತದಲ್ಲಿ ಬೆಂಗಳೂರಿನ ಬೆಳಕಿನ ಗುಮ್ಮಟ ಹಿಂದೆಯೇ ಬರುತ್ತದೆ. ಬಿಳಿ ಎಲ್‌ಇಡಿಯಲ್ಲಿ ನೀಲಿಯ ಅಂಶ ಹೆಚ್ಚು. ಹಗಲಿನ ಆಕಾಶ ನೀಲಿಯಾಗಿ ಕಾಣುವ ಕಾರಣದಿಂದಲೇ ರಾತ್ರಿಯೂ ಆ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ದೀಪಕ್ಕೆ ಮೇಲುಗಡೆ ಮುಚ್ಚಳವಿದ್ದು ಬೆಳಕು ನೆಲಕ್ಕೆ ಮಾತ್ರ ಬಿದ್ದರೆ ರಸ್ತೆಯೂ ಚೆನ್ನಾಗಿ ಕಾಣುತ್ತದೆ, ಆಕಾಶವೂ ಉಳಿಯುತ್ತದೆ. ತಾರಸಿಯಲ್ಲಿ ರಾತ್ರಿಯೆಲ್ಲ ಉರಿಯುವ ಬಲ್ಬನ್ನು ಆರಿಸುವುದು ಪ್ರತಿ ಮನೆಯ ಕೈಯಲ್ಲೇ ಇದೆ. ಲಡಾಖಿನ ಹಾನ್ಲೆಯಲ್ಲಿ ಕತ್ತಲೆಯ ಆಕಾಶವನ್ನು ಕಾಪಾಡುವ ಕೆಲಸದಲ್ಲಿ ಮುಂದಿರುವುದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಅಂಥ ಸಂಸ್ಥೆ ಇರುವ ಊರು ತನ್ನ ಕತ್ತಲೆಯನ್ನೂ ಕೊಂಚ ಉಳಿಸಿಕೊಳ್ಳಬೇಕು.

ಕಲಿಯಲು ಕನ್ನಡದಲ್ಲಿ ನೆರವಿಗೆ ಕೊರತೆಯಿಲ್ಲ. ಜಿ.ಟಿ. ನಾರಾಯಣರಾಯರ (1926–2008) ಪುಸ್ತಕಗಳು, ಬಿ.ಎಸ್. ಶೈಲಜಾ ಅವರ ಬರಹಗಳು ಇವೆ. ಹೈಗ್ರೌಂಡ್ಸ್‌ನಲ್ಲಿ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ತಾರಾಲಯದಲ್ಲಿ ಕನ್ನಡದ ಪ್ರದರ್ಶನಗಳಿವೆ. ಮೊಬೈಲಿನ ಸ್ಟೆಲ್ಲೇರಿಯಂ ಆ್ಯಪ್ ಕೂಡ ಸಹಾಯ ಮಾಡುತ್ತದೆ, ಆದರೆ ಪರದೆಯನ್ನು ಕೆಂಪು ಬೆಳಕಿಗೆ ಬದಲಿಸಿಕೊಂಡು, ಅನುಮಾನ ಬಂದಾಗ ಮಾತ್ರ ನೋಡುವುದು ಒಳ್ಳೆಯದು.

ಗುರುತು ಸಿಕ್ಕಿದ ಮೇಲೆ ಏನು ಎಂಬ ಪ್ರಶ್ನೆಗೆ ಆರಿದ್ರಾ ಉತ್ತರ ಕೊಟ್ಟಿದೆ. 2019ರ ಕೊನೆಯಲ್ಲಿ ಮಂಕಾಗತೊಡಗಿದ ಆ ನಕ್ಷತ್ರ 2020ರ ಫೆಬ್ರವರಿ ಹೊತ್ತಿಗೆ ಎಂದಿನ ಪ್ರಕಾಶದ ಅರ್ಧಕ್ಕೂ ಕೆಳಗೆ ಇಳಿಯಿತು. ಅದು ತಾನೇ ಉಗುಳಿದ ಅನಿಲ ತಣಿದು ಧೂಳಾಗಿ ಅಡ್ಡ ನಿಂತಿತ್ತೆಂದು ವಿಜ್ಞಾನಿಗಳು ಆಮೇಲೆ ಕಂಡುಕೊಂಡರು. ದೂರದರ್ಶಕ ಇಲ್ಲದೆ, ಯಾವ ತಾರಸಿಯಿಂದಲೂ ಇದನ್ನು ನೋಡಬಹುದಿತ್ತು, ಆರಿದ್ರಾ ಮೊದಲು ಹೇಗಿತ್ತೆಂದು ಗೊತ್ತಿದ್ದವರಿಗೆ ಮಾತ್ರ. ಬದಲಾಗುವ ನಕ್ಷತ್ರಗಳ ಮೇಲೆ ಹವ್ಯಾಸಿಗಳು ಬರಿಗಣ್ಣಿನಿಂದ ಬರೆದಿಟ್ಟ ಟಿಪ್ಪಣಿಗಳನ್ನು ಖಗೋಳಜ್ಞರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕೂಡಿಹಾಕಿ ಬಳಸುತ್ತಿದ್ದಾರೆ. ಜನವರಿಯಿಂದ ಮಾರ್ಚ್‌ವರೆಗೆ ವಾರಕ್ಕೊಮ್ಮೆ ಆರಿದ್ರಾವನ್ನು ರೋಹಿಣಿಯ ಪಕ್ಕ ಇಟ್ಟು ನೋಡಿ, ಯಾವುದು ಹೆಚ್ಚು ಪ್ರಕಾಶಮಾನ ಎಂದು ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೊಸಹಳ್ಳಿಯ ತಾರಸಿಯಿಂದ ಹೈಸ್ಕೂಲಿನ ಹುಡುಗಿಯೊಬ್ಬಳು ಮಾಡಬಹುದಾದ ನಿಜವಾದ ವಿಜ್ಞಾನ ಅದು.